ಬದಲಿ ಪಟ್ಟಿಯಲ್ಲಿ ಒಂದೇ ಹೆಸರು

ಹದಿನೇಳು ವರ್ಷ ಇತಿಹಾಸ ಪಾಠ ಮಾಡಿದ ಶಾಲೆಯಲ್ಲೇ ನನ್ನನ್ನು ಮುಖ್ಯೋಪಾಧ್ಯಾಯಿನಿ ಮಾಡಿದರು. ಬೇರೆ ಶಾಲೆಗೆ ಹಾಕಿದ್ದರೆ ಗುರುತಿಲ್ಲದವರ ನಡುವೆ ನಿಧಾನವಾಗಿ ಈ ಕೆಲಸ ಕಲಿಯಬಹುದಿತ್ತೇನೋ. ಇಲ್ಲಿ ನನ್ನ ಕೈಕೆಳಗೆ ಬಂದ ಹತ್ತೊಂಬತ್ತು ಜನರೂ ಮೊನ್ನೆ ಮೊನ್ನೆಯವರೆಗೆ ನನ್ನ ಪಕ್ಕದಲ್ಲೇ ಕೂತು, ನನ್ನ ಊಟದ ಡಬ್ಬಿಗೆ ಕೇಳದೆ ಕೈ ಹಾಕುತ್ತಿದ್ದವರು. ಹೊಸ ಕೋಣೆಯಲ್ಲಿ ದೊಡ್ಡ ಮೇಜು, ಗಾಜಿನ ಕೆಳಗೆ ವೇಳಾಪಟ್ಟಿ, ತಿರುಗುವ ಕುರ್ಚಿ ಎಲ್ಲ ಇತ್ತು. ಡಬ್ಬಿಗೆ ಕೈ ಹಾಕುವವರು ಮಾತ್ರ ಇರಲಿಲ್ಲ.

ಮೊದಲ ವಾರ ಸಹಿ ಬೇಕಾದವರನ್ನು ಬಿಟ್ಟರೆ ಯಾರೂ ಒಳಗೆ ಬರಲಿಲ್ಲ. ನಾನೇ ಶಿಕ್ಷಕರ ಕೋಣೆಗೆ ಹೋದರೆ ಬಾಗಿಲ ಹೊರಗೆ ಕೇಳಿಸುತ್ತಿದ್ದ ನಗು ನಾನು ಹೊಸಿಲು ದಾಟುವಷ್ಟರಲ್ಲಿ ನಿಂತುಹೋಗುತ್ತಿತ್ತು. ಒಂದು ದಿನ ನಮ್ಮ ವಿಜ್ಞಾನದ ಟೀಚರ್ ಎದ್ದು ನಿಂತು, "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂದಳು.

ಆಕೆ ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು. ಪ್ರಯೋಗಾಲಯದ ತಕ್ಕಡಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲವೆಂದು ಅದಕ್ಕೆ ಬೀಗ ಹಾಕಿಟ್ಟವಳು. ಅದಕ್ಕೇ ಎಲ್ಲರ ಬಾಯಲ್ಲೂ ಆಕೆ ‘ತಕ್ಕಡಿ’. ನಾವಿಬ್ಬರೂ ಒಬ್ಬರನ್ನೊಬ್ಬರು ‘ಕಣೇ’, ‘ಹೋಗೇ’ ಎಂದು ಕರೆದುಕೊಂಡೇ ಇಷ್ಟು ವರ್ಷ ಕಳೆದಿದ್ದೆವು.

"ಏನೇ ಇದು, ಮೇಡಂ ಅಂತೆ!" ಅಂದೆ ನಾನು.

"ಮತ್ತಿನ್ನೇನನ್ಲಿ? ಕುರ್ಚಿಗೊಂದು ಮರ್ಯಾದೆ ಬೇಡ್ವಾ?" ಅಂದು ಆಕೆ ತನ್ನ ಉತ್ತರಪತ್ರಿಕೆಗಳ ಕಡೆ ಮುಖ ತಿರುಗಿಸಿದಳು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅತ್ತೆ ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕೊನೆಯ ಹನ್ನೆರಡು ವರ್ಷ ಹೆರಿಗೆ ವಾರ್ಡಿನ ಹೆಡ್ ಸಿಸ್ಟರ್. ನಿವೃತ್ತಿಯಾಗಿ ಎಷ್ಟು ಕಾಲವಾದರೂ ಮನೆಯ ಹಾಸಿಗೆಗಳ ಚಾದರ ಮಡಚುವುದು ಆಸ್ಪತ್ರೆಯ ಹಾಗೇ. ಅವರು ಬಟಾಣಿ ಸುಲಿಯುತ್ತಾ ಕೇಳಿಸಿಕೊಂಡರು.

"ಒಂದು ವಾರದಲ್ಲಿ ಒಂದು ಜಗಳಾನೂ ಆಗಿಲ್ವಾ?"

"ಇಲ್ಲ ಅತ್ತೆ."

"ಹಾಗಾದ್ರೆ ನೀನಿನ್ನೂ ಕೆಲಸಾನೇ ಶುರು ಮಾಡಿಲ್ಲ ಬಿಡು."

ಜಗಳ ಎರಡನೇ ತಿಂಗಳಲ್ಲಿ ಬಂತು. ಅದನ್ನು ಹೊತ್ತುಕೊಂಡು ಬಂದವರು ಮಾತ್ರ ಇಡೀ ಶಾಲೆಯಲ್ಲೇ ಅತಿ ಮೆತ್ತಗಿನ ಮನುಷ್ಯರು, ಚಿತ್ರಕಲೆಯ ಮೇಷ್ಟ್ರು. ನಲವತ್ತು ದಾಟಿದವರು. ಬೆರಳ ಸಂದಿಯಲ್ಲಿ ಸದಾ ಯಾವುದೋ ಬಣ್ಣ ಅಂಟಿಕೊಂಡಿರುತ್ತಿತ್ತು. ಕೋಣೆಗೆ ಬಂದವರೇ ಒಂದು ಮಡಚಿದ ಹಾಳೆಯನ್ನು ಮೇಜಿನ ಮೇಲಿಟ್ಟು ನಿಂತರು. ಬಿಡಿಸಿ ನೋಡಿದರೆ ಮುತ್ತು ಪೋಣಿಸಿದಂಥ ಅಕ್ಷರ: ವೈಯಕ್ತಿಕ ಕಾರಣಗಳಿಂದ ಈ ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

"ಏನ್ ಸರ್ ಇದು! ಬೇರೆ ಶಾಲೆಯಲ್ಲಿ ಸಿಕ್ತಾ?"

"ಇಲ್ಲ ಮೇಡಂ. ನಮ್ಮ ಭಾವಂದು ಬೋರ್ಡು ಬರೆಯೋ ಅಂಗಡಿ ಇದೆ. ಅಲ್ಲಿ ಕೂತ್ಕೋತೀನಿ."

"ಇಷ್ಟು ವರ್ಷದ ಕೆಲಸ ಬಿಟ್ಟು ಅಂಗಡೀಲಿ ಕೂತ್ಕೋತೀರಾ?"

"ಅಲ್ಲಿ ಬ್ರಷ್ ಆದ್ರೂ ಹಿಡೀತೀನಿ ಮೇಡಂ."

ಕೂರಿಸಿ, ಕೇಳಿ ಕೇಳಿ ಬಾಯಿ ಬಿಡಿಸಿದೆ. ಎಂಟನೇ ತರಗತಿಯ ಮಕ್ಕಳಿಗೆ ಶಾಲೆ ಶುರುವಾದ ವಾರ ಒಂದು ಗಾಜಿನ ಲೋಟದ ಚಿತ್ರ ಬಿಡಿಸಲು ಕೊಟ್ಟಿದ್ದರಂತೆ. ಎಲ್ಲರೂ ಗೆರೆ ಎಳೆದು ಮುಗಿಸಿದ್ದಾರೆ, ನೆರಳು ಹಾಕುವುದು ಮಾತ್ರ ಬಾಕಿ. ಅದಕ್ಕೊಂದು ಪೂರ್ತಿ ಪೀರಿಯಡ್ ಎರಡು ತಿಂಗಳಿಂದ ಅವರಿಗೆ ಸಿಕ್ಕಿರಲಿಲ್ಲ. ಪ್ರತಿ ವಾರ ಅದೇ ಹೊತ್ತಿಗೆ ಯಾರೋ ಒಬ್ಬರು ರಜಾ. ಇವರು ಅವರ ತರಗತಿಗೆ ಹೋಗಿ ಮಕ್ಕಳು ಗಲಾಟೆ ಮಾಡದ ಹಾಗೆ ಕಾಯಬೇಕು. ಎಂಟನೇ ತರಗತಿಯವರಿಗೆ ‘ಓದ್ಕೊಳ್ಳಿ’ ಎಂಬ ಅಪ್ಪಣೆ.

"ಹದಿನೈದು ದಿನ ಟೈಮ್ ಕೊಡಿ ಸರ್. ಈ ಕಾಗದ ನನ್ನ ಹತ್ರಾನೇ ಇರ್ಲಿ, ಆಫೀಸಿಗೆ ಕಳಿಸಲ್ಲ," ಅಂದೆ. ಅವರು ತಲೆಯಾಡಿಸಿ ಹೋದರು. ನಂಬಿಕೆಯಿಂದಲ್ಲ, ಇಲ್ಲ ಅನ್ನಲು ಬಾರದೆ.

ನಮ್ಮಲ್ಲಿ ಪ್ರತಿದಿನ ಬೆಳಗ್ಗೆ ಬದಲಿ ಪಟ್ಟಿ ಅಂತ ಒಂದು ಅರ್ಧ ಹಾಳೆ ಬರೆಯುತ್ತಾರೆ. ಅವತ್ತು ರಜಾ ಹಾಕಿದವರ ತರಗತಿಗಳಿಗೆ ಬದಲಿಯಾಗಿ ಯಾರು ಹೋಗಬೇಕು ಎಂಬುದು ಅದರಲ್ಲಿರುತ್ತದೆ. ಬರೆಯುವುದು ತಕ್ಕಡಿ. ಒಂಬತ್ತು ವರ್ಷದಿಂದ ಅದು ಆಕೆಯದೇ ಕೆಲಸ. ಹಳೆಯ ಹಾಳೆಗಳನ್ನೆಲ್ಲ ಪ್ರಯೋಗಾಲಯದ ಗೋಡೆಯ ಮೊಳೆಗೆ ಚುಚ್ಚಿ ಇಟ್ಟಿರುತ್ತಾಳೆ. ಆ ಕಟ್ಟನ್ನು ತರಿಸಿಕೊಂಡು ಎರಡು ತಿಂಗಳದ್ದನ್ನು ಓದಿದೆ. ಚಿತ್ರಕಲೆಯ ಮೇಷ್ಟ್ರ ಹೆಸರು ಅರವತ್ತೊಂದು ಸಲ. ಲೆಕ್ಕದ ಮೇಷ್ಟ್ರ ಹೆಸರು ಒಂದು ಸಲವೂ ಇಲ್ಲ.

ತಕ್ಕಡಿಯನ್ನು ಕರೆದು ತೋರಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ನೋಡಿದಳು.

"ಚಿತ್ರದ ಪೀರಿಯಡ್ ತಪ್ಪಿದ್ರೆ ಯಾರೂ ಫೇಲ್ ಆಗಲ್ಲ ಮೇಡಂ. ಲೆಕ್ಕದ ಸರ್‌ಗೆ ಹಾಕಿದ್ರೆ ಅವ್ರು ಹೋಗಲ್ಲ. ‘ನಾನು ಪಾಠ ಮಾಡೋಕೆ ಬಂದವನು, ಕುರಿ ಕಾಯೋಕಲ್ಲ’ ಅಂತಾರೆ. ನಾನೇನ್ ಮಾಡ್ಲಿ?"

"ಆದ್ರೂ ಅರವತ್ತೊಂದು ಸಲಾನಾ?"

"ನಿಮ್ಮನ್ನ ಒಂದು ಕೇಳ್ಲಾ? ಹೋದ ವರ್ಷ ನಿಮ್ಮ ಹೆಸರು ಬರೆದಾಗೆಲ್ಲ ‘ಬೇರೆಯವ್ರಿಗೆ ಹಾಕೇ, ಡ್ರಾಯಿಂಗ್ ಸರ್ ಖಾಲಿ ಇದಾರಲ್ಲ’ ಅಂತಿದ್ದೋರು ಯಾರು?"

ಅಂದವಳು ನಾನೇ. ಒಂದೆರಡು ಸಲವಲ್ಲ.

ತಪ್ಪು ಮಾಡಿದವರಿಗೆ ಅದನ್ನು ತಿದ್ದುವ ಆತುರ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅವತ್ತೇ ಮಧ್ಯಾಹ್ನ ಕೂತು ಒಂದು ಆದೇಶ ಬರೆದೆ. ಸೋಮವಾರದಿಂದ ಬದಲಿ ತರಗತಿಗಳನ್ನು ಎಲ್ಲರೂ ಸರದಿಯ ಮೇಲೆ ತೆಗೆದುಕೊಳ್ಳತಕ್ಕದ್ದು, ಸೇವಾ ಹಿರಿತನದ ಪ್ರಕಾರ, ಯಾರಿಗೂ ವಿನಾಯಿತಿ ಇಲ್ಲ. ಸಹಿ, ಮೊಹರು. ಅಟೆಂಡರ್ ಅದನ್ನು ಗಂಟೆಯ ಪಕ್ಕದ ಫಲಕಕ್ಕೆ ಅಂಟಿಸಿ ಬಂದ. ‘ತೆಗೆದುಕೊಳ್ಳತಕ್ಕದ್ದು’ ಎಂದು ಬರೆದಾಗ ಎಂಥದೋ ಹೆಮ್ಮೆಯಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೇವಾ ಹಿರಿತನದಲ್ಲಿ ಮೊದಲನೆಯವರು ಲೆಕ್ಕದ ಮೇಷ್ಟ್ರು. ಐವತ್ತಾರು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಸ್ವಂತದ ಸೀಮೆಸುಣ್ಣದ ಡಬ್ಬಿ. ಹತ್ತನೇ ತರಗತಿಯ ಲೆಕ್ಕ ಅವರ ಕೈಯಲ್ಲಿದ್ದರೆ ತಂದೆ ತಾಯಂದಿರಿಗೆ ನೆಮ್ಮದಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಜರಿ ಪುಸ್ತಕ ತುಂಬುವುದನ್ನು ಪಕ್ಕದಲ್ಲಿ ಕೂತು ಕಲಿಸಿದವರೂ ಅವರೇ. ಸೋಮವಾರ ಆರನೇ ಪೀರಿಯಡ್ಡಿಗೆ ಅವರಿಗೆ ಬಂದದ್ದು ಮೂರನೇ ಮಹಡಿಯ ಒಂಬತ್ತನೇ ತರಗತಿ. ಅವರು ಹೋಗಲಿಲ್ಲ.

ನಲವತ್ತು ಮಕ್ಕಳಿಗೆ ಮೇಷ್ಟ್ರಿಲ್ಲದ ನಲವತ್ತು ನಿಮಿಷ ಸಿಕ್ಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆಂಚು ಉರುಳಿ ಬಿದ್ದ ಸದ್ದು ನನ್ನ ಕೋಣೆಗೇ ಕೇಳಿಸಿತು. ಸಂಜೆ ಅವರನ್ನು ಕರೆಸಿದೆ.

"ಸರ್, ನಿಮ್ಮ ಸರದಿ ಇತ್ತು."

"ಇತ್ತು."

"ಯಾಕೆ ಹೋಗ್ಲಿಲ್ಲ?"

"ಇಪ್ಪತ್ತೊಂಬತ್ತು ವರ್ಷ ಇಲ್ಲದ ಕಾನೂನು ಈಗ ಬಂತು. ನೋಟಿಸ್ ಕೊಡ್ತೀರಾ? ಕೊಡಿ. ಉತ್ತರ ಬರೀತೀನಿ." ಅವರು ಮೇಜಿನ ಅಂಚನ್ನು ಹಿಡಿದುಕೊಂಡು ಎದ್ದು ಹೋದರು. ಕೋಪಕ್ಕೆ ಹಾಗೆ ಹಿಡಿದರು ಅಂದುಕೊಂಡೆ.

ಅತ್ತೆ ಅವತ್ತು ಹೊಲಿಗೆ ಬಿಚ್ಚಿದ ದಿಂಬಿಗೆ ಸೂಜಿ ಹಾಕುತ್ತಿದ್ದರು. ಕಥೆಯೆಲ್ಲ ಕೇಳಿ ಸೂಜಿ ನಿಲ್ಲಿಸಿದರು.

"ಕಾಗದ ಅಂಟಿಸಿ ಬಂದ್ಯಾ? ಅಯ್ಯೋ ತಾಯಿ! ನಾನೂ ಒಂದ್ಸಲ ಅಂಟಿಸಿದ್ದೆ. ಮಾರನೇ ದಿನ ಒಂಬತ್ತು ಜನ ರಜಾ. ಎಂಟು ಹೆರಿಗೆ ನಾನೂ ಡಾಕ್ಟರಮ್ಮಾನೂ ಇಬ್ಬರೇ ಮಾಡಿಸಿದ್ವಿ. ತಾಯಿ ಮಕ್ಕಳು ಚೆನ್ನಾಗಿದ್ರು. ನಾವೇ ಸತ್ತಿದ್ವಿ."

"ಆಮೇಲೆ ಏನ್ ಮಾಡಿದ್ರಿ?"

"ಬೈದೆ."

"ಕೇಳಿದ್ರಾ?"

"ಇಲ್ಲ."

"ಮತ್ತೆ?"

"ಮತ್ತೆ ಬೈದೆ." ಅತ್ತೆ ದಾರ ಕಚ್ಚಿ ತುಂಡು ಮಾಡಿ ನಕ್ಕರು. "ನನ್ನ ಕೇಳ್ಬೇಡಮ್ಮ. ನಾನೇನು ಕಲಿತು ರಿಟೈರ್ ಆದೋಳಲ್ಲ. ಸುಸ್ತಾಗಿ ಆದೋಳು."

ಮಂಗಳವಾರ ಅತ್ತೆ ಹೇಳಿದಂತೆಯೇ ಆಯಿತು. ಒಬ್ಬರಿಗೆ ತಲೆನೋವು, ಒಬ್ಬರಿಗೆ ಹೊಟ್ಟೆನೋವು, ಒಬ್ಬರ ಮನೆಗೆ ನೆಂಟರು. ಲೆಕ್ಕದ ಮೇಷ್ಟ್ರು ಕಾರಣವನ್ನೇ ಬರೆಯದೆ ಬರೀ ‘ರಜೆ’ ಎಂದು ಬರೆದು ಕಳಿಸಿದ್ದರು. ಮೊದಲೇ ರಜೆಯಲ್ಲಿದ್ದ ಒಬ್ಬರನ್ನೂ ಸೇರಿಸಿ ಐದು ಜನ. ಇಪ್ಪತ್ತಮೂರು ಪೀರಿಯಡ್ ಖಾಲಿ. ತಕ್ಕಡಿ ಪೆನ್ಸಿಲ್ ಹಿಡಿದು ನನ್ನ ಮುಂದೆ ನಿಂತಳು.

"ಯಾರನ್ನ ಬರೀಲಿ ಮೇಡಂ?"

"ನನ್ನ ಬರಿ. ಎಷ್ಟಾಗುತ್ತೋ ಅಷ್ಟು."

ಏಳಕ್ಕೆ ಏಳೂ ಪೀರಿಯಡ್ ಓಡಾಡಿದೆ. ಅದರಲ್ಲಿ ಎರಡನೆಯದು ಹತ್ತನೇ ತರಗತಿ, ಲೆಕ್ಕದ ಮೇಷ್ಟ್ರದೇ, ಮೂರನೇ ಮಹಡಿಯ ಕೊನೆಯ ಕೋಣೆ. ಎರಡನೇ ಮಹಡಿಯಿಂದ ಮೇಲಕ್ಕೆ ಮೆಟ್ಟಿಲು ತಿರುಗುವ ಜಾಗದಲ್ಲಿ ಗೋಡೆಗೆ ಒತ್ತಿ ಒಂದು ಮರದ ಕುರ್ಚಿ ಇತ್ತು. ಅದನ್ನು ಎಷ್ಟೋ ಸಲ ನೋಡಿದ್ದೆ. ಮುರಿದದ್ದನ್ನು ಯಾರೋ ಅಲ್ಲಿ ಬಿಸಾಕಿದ್ದಾರೆ ಅಂದುಕೊಂಡಿದ್ದೆ. ಅವತ್ತು ಏದುಸಿರು ಬರುತ್ತಿತ್ತು, ಅದರ ಮೇಲೆ ಕೂತೆ. ಮುರಿದಿರಲಿಲ್ಲ. ಗಟ್ಟಿಮುಟ್ಟಾಗಿತ್ತು, ಧೂಳೂ ಇರಲಿಲ್ಲ.

ತರಗತಿಯ ಲೀಡರ್ ಹುಡುಗಿ, ಟೀಚರ್ ಯಾರೂ ಬರಲಿಲ್ಲವಲ್ಲ ಎಂದು ನೋಡಲು ಇಳಿದು ಬಂದವಳು, ನನ್ನನ್ನು ಕಂಡು ನಿಂತಳು.

"ಮೇಡಂ, ಅದು ಲೆಕ್ಕದ ಸರ್ ಕುರ್ಚಿ."

"ಸರ್ ಕುರ್ಚಿ ಇಲ್ಯಾಕಿದೆ?"

"ಸರ್ ಇಲ್ಲಿ ಐದು ನಿಮಿಷ ಕೂತ್ಕೊಂಡು ಕಾಲು ನೀವ್ಕೊಂಡು ಬರ್ತಾರೆ. ಅಷ್ಟರಲ್ಲಿ ನಾವು ನಿನ್ನೆ ಲೆಕ್ಕ ಮುಗಿಸಿ ಇಟ್ಟಿರ್ತೀವಿ. ಗಲಾಟೆ ಮಾಡಲ್ಲ ಮೇಡಂ, ಕೇಳಿ ಬೇಕಾದ್ರೆ." ಅಷ್ಟು ಹೇಳಿದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಯಾರಿಗೂ ಹೇಳ್ಬೇಡಿ ಅಂದಿದ್ರು."

"ಯಾವಾಗಿನಿಂದ?"

"ನಾವು ಒಂಬತ್ತನೇ ತರಗತಿ ಇದ್ದಾಗಿನಿಂದ."

ನನಗೆ ಆ ಕುರ್ಚಿಯಿಂದ ತಕ್ಷಣ ಏಳಲಾಗಲಿಲ್ಲ. ಒಂದು ಇಡೀ ತರಗತಿ, ನಲವತ್ತೆರಡು ಮಕ್ಕಳು, ಒಂದು ವರ್ಷಕ್ಕೂ ಮೇಲೆ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವು. ಶಿಕ್ಷಕರ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವೇಳಾಪಟ್ಟಿಯ ಪ್ರಕಾರ ಹತ್ತನೇ ತರಗತಿಗಾಗಿಯೇ ಅವರು ದಿನಕ್ಕೆ ಎರಡು ಸಲ ಈ ಮೆಟ್ಟಿಲು ಹತ್ತಬೇಕು. ಬದಲಿ ಪೀರಿಯಡ್ ಅಂದರೆ ಮೂರನೆಯ ಸಲ. ಕುರಿ ಕಾಯುವ ಮಾತೆಲ್ಲ ಆ ಮೂರನೆಯ ಸಲಕ್ಕೆ ಹೆದರಿ ಆಡಿದ್ದು.

ಲೆಕ್ಕದ ಮೇಷ್ಟ್ರು ಬೆಳಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬರುತ್ತಾರೆ ಎಂಬುದು ಶಾಲೆಯಲ್ಲಿ ಹೆಸರುವಾಸಿ. ಅದು ಶಿಸ್ತು ಎಂದು ನಾವೆಲ್ಲ ಹೊಗಳುತ್ತಿದ್ದೆವು. ಬುಧವಾರ ನಾನೂ ಆ ಹೊತ್ತಿಗೆ ಬಂದು, ಎರಡು ಲೋಟ ಚಹಾ ಹಿಡಿದು ಮೆಟ್ಟಿಲು ಹತ್ತಿದೆ. ಅವರು ಆ ಕುರ್ಚಿಯಲ್ಲೇ ಕೂತಿದ್ದರು. ನನ್ನನ್ನು ಕಂಡು ಎದ್ದೇಳಲು ಹೋದರು. ನಾನು ಅವಕಾಶ ಕೊಡದೆ ಒಂದು ಲೋಟ ಅವರ ಕೈಗಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಮಂಡಿನಾ ಸರ್?"

ಅವರು ಮಂಡಿಯ ಮೇಲಿದ್ದ ಕೈ ತೆಗೆದರು. "ಯಾರು ಹೇಳಿದ್ದು?"

"ಕುರ್ಚಿ."

"ಹ್ಞೂಂ." ಒಂದು ಗುಟುಕು ಕುಡಿದರು. "ಎರಡೂ ಮಂಡಿ. ಮೆಟ್ಟಿಲು ಕಮ್ಮಿ ಮಾಡಿ ಅಂದ್ರು ಡಾಕ್ಟ್ರು. ಈ ಬಿಲ್ಡಿಂಗ್ ಕಟ್ಟುವಾಗ ನನ್ನ ಕೇಳಿದ್ರಾ?"

"ನಮಗೆ ಹೇಳ್ಬಹುದಿತ್ತಲ್ಲ ಸರ್."

"ಹೇಳಿದ್ರೆ ಹತ್ತನೇ ತರಗತಿ ಕಿತ್ಕೋತಿದ್ರಿ. ನಿಮಗೆ ನೆನಪಿಲ್ವಾ, ಹಿಂದಿನ ಹೆಡ್‌ಮಾಸ್ಟ್ರು ಭೂಗೋಳದವರನ್ನ ‘ಆರಾಮಾಗಿರಿ’ ಅಂತ ಲೈಬ್ರರಿಗೆ ಹಾಕಿದ್ದು? ಆರೇ ತಿಂಗ್ಳಲ್ಲಿ ಮುದುಕರಾಗ್ಬಿಟ್ರು ಅವ್ರು. ನನಗೆ ಆರಾಮು ಬೇಡ."

"ನಿಮ್ಮಿಂದ ಹತ್ತನೇ ತರಗತಿ ಕಿತ್ಕೊಂಡ್ರೆ ಊರಿನ ಅಪ್ಪ ಅಮ್ಮಂದಿರು ನನ್ನ ಸುಮ್ನೆ ಬಿಡ್ತಾರಾ?"

ಅವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ತಾವೇ ಹೇಳಿದರು. "ಸೋಮವಾರ ಹೋಗೋಣ ಅಂತಾನೇ ಹೊರಟೆ. ಒಂದು ಮಹಡಿ ಹತ್ತಿದೆ. ಆಮೇಲೆ ಆಗ್ಲಿಲ್ಲ. ಕೆಳಗಿಳಿದು ಬಂದು ಸಿಟ್ಟು ಮಾಡ್ಕೊಂಡ್ರೆ ಯಾರೂ ಕಾರಣ ಕೇಳಲ್ಲ ಅಂದ್ಕೊಂಡೆ. ಆ ಮಕ್ಕಳಿಗೆ ಏನಾದ್ರೂ ಪೆಟ್ಟಾಯ್ತಾ?"

"ಬೆಂಚಿಗೆ ಮಾತ್ರ."

ನಕ್ಕರು. ಎರಡು ತಿಂಗಳಲ್ಲಿ ಆ ಶಾಲೆಯಲ್ಲಿ ನನ್ನ ಮಾತಿಗೆ ಯಾರಾದರೂ ನಕ್ಕಿದ್ದು ಅದೇ ಮೊದಲು.

ಅವತ್ತು ಮಧ್ಯಾಹ್ನ ನಾನು ಪ್ರಯೋಗಾಲಯಕ್ಕೆ ಹೋಗಿ, ಕೆಲಸ ಮಾಡುತ್ತಿದ್ದ ತಕ್ಕಡಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತೆ. ವಿಷಯ ಹೇಳಿದೆ. ಆಕೆ ತೊಳೆಯುತ್ತಿದ್ದ ಗಾಜಿನ ನಳಿಕೆಯನ್ನು ಹಾಗೇ ಕೈಯಲ್ಲಿ ಹಿಡಿದು ನಿಂತಳು.

"ಒಂಬತ್ತು ವರ್ಷ ಪಟ್ಟಿ ಬರ್ದಿದೀನಿ. ದಿನಾ ಆ ಮೆಟ್ಟಿಲ ಮೇಲೇ ಓಡಾಡಿದೀನಿ. ಆ ಕುರ್ಚಿ ಯಾಕೆ ಅಲ್ಲಿದೆ ಅಂತ ಒಂದಿನ ಕೇಳಲಿಲ್ವಲ್ಲ ಕಣೇ!"

ಹಳೆಯ ಮಾತು ತಾನಾಗಿ ಬಾಯಿಗೆ ಬಂದದ್ದು ಆಕೆಗೆ ಗೊತ್ತಾಗಲಿಲ್ಲ. ನಾನೂ ಎತ್ತಿ ಆಡಲಿಲ್ಲ. ಆಕೆಯ ಡಬ್ಬಿ ತೆರೆದಿತ್ತು. ಕೇಳದೆ ಕೈ ಹಾಕಿದೆ.

"ನನ್ನ ಆದೇಶ ಕಿತ್ತು ಬಿಸಾಕೋಣ," ಅಂದೆ. "ಮೊದಲು ಎಲ್ಲರನ್ನೂ ಕೇಳೋಣ. ಯಾರಿಗೆ ಯಾವ ಪೀರಿಯಡ್ ಕಷ್ಟ, ಯಾವುದು ಬಿಟ್ಟುಕೊಡೋಕಾಗಲ್ಲ ಅಂತ."

"ಹತ್ತೊಂಬತ್ತು ಜನಾನೂ ಕೇಳಿದ್ರೆ ಹತ್ತೊಂಬತ್ತು ಪುರಾಣ ಹೇಳ್ತಾರೆ."

"ಹೇಳ್ಲಿ."

"ನೀನು ಕೇಳು. ನಾನು ಬರ್ಕೋತೀನಿ. ನನಗೆ ಪುರಾಣ ಕೇಳೋ ತಾಳ್ಮೆ ಇಲ್ಲ."

ಮೊದಲು ಹೋದದ್ದು ಚಿತ್ರಕಲೆಯ ಕೋಣೆಗೆ. ಅದು ಕೆಳಗೆ, ಮೆಟ್ಟಿಲ ಪಕ್ಕದಲ್ಲೇ ಇರುವ ಉದ್ದನೆಯ ಕೋಣೆ. ಇದ್ದ ಒಂದೇ ಸಾಲು ಕಿಟಕಿ ಕಾಂಪೌಂಡ್ ಗೋಡೆಯ ಕಡೆಗೆ. ಹಗಲೆಲ್ಲ ಟ್ಯೂಬ್‌ಲೈಟ್ ಉರಿಯಬೇಕು. ನಾನು ಮೇಷ್ಟ್ರಿಗೆ ಸುತ್ತುಬಳಸದೆ ಹೇಳಿದೆ. ಹತ್ತನೇ ತರಗತಿಯನ್ನು ಈ ಕೋಣೆಗೆ ಇಳಿಸಬೇಕೆಂದಿದ್ದೇನೆ, ನೀವು ಅವರ ಮೂರನೇ ಮಹಡಿಯ ಕೋಣೆಗೆ ಹೋಗಲು ಒಪ್ಪುತ್ತೀರಾ? ಹೋಗುವ ಮನುಷ್ಯನನ್ನು ಕೋಣೆ ಬಿಡಿ ಎಂದು ಕೇಳುತ್ತಿದ್ದೇನಲ್ಲ ಎಂದು ನನಗೇ ಅಳುಕಿತ್ತು.

ಅವರು ಬ್ರಷ್‌ಗಳನ್ನು ಜೋಡಿಸುವುದನ್ನು ನಿಲ್ಲಿಸಿದರು.

"ಆ ರೂಮಿಗೆ ಕಿಟಕಿ ಯಾವ ಕಡೆಗಿದೆ ಗೊತ್ತಾ ಮೇಡಂ?"

"ಎರಡೂ ಕಡೆ ಇರ್ಬೇಕು."

"ಎರಡೂ ಕಡೆ. ಬೆಳಗ್ಗೆ ಬೆಳಕು ಓರೆಯಾಗಿ ಬೀಳುತ್ತೆ. ಮೇಜಿನ ಮೇಲೆ ಒಂದು ಲೋಟ ಇಟ್ರೆ ಈ ಉದ್ದ ನೆರಳು ಬೀಳುತ್ತೆ." ಕೈಯಿಂದ ಅಳತೆ ತೋರಿಸಿದರು. "ಇಲ್ಲಿ ಟ್ಯೂಬ್‌ಲೈಟಲ್ಲಿ ನೆರಳು ಎಲ್ಲಿದೆ ಅಂತ ಮಕ್ಕಳಿಗೆ ತೋರ್ಸೋದು? ಎರಡು ಸಲ ಆ ರೂಮು ಕೇಳಿದ್ದೆ. ಚಿತ್ರಕ್ಕೆ ಯಾವ ರೂಮಾದ್ರೇನು ಅಂದ್ರು."

"ಹಾಗಾದ್ರೆ ಹೋಗ್ತೀರಾ?"

"ಎಂಟನೇ ತರಗತಿದು ಎರಡು ಪೀರಿಯಡ್ ಒಟ್ಟಿಗೆ ಕೊಡಿ, ಬೆಳಗ್ಗೆ. ಅದನ್ನ ಯಾರೂ ಮುಟ್ಬಾರ್ದು. ಬೇರೆ ಹೊತ್ತಲ್ಲಿ ಬದಲಿಗೆ ಕರೆದ್ರೆ ನಾನು ಇಲ್ಲ ಅನ್ನಲ್ಲ."

ಬಾಗಿಲವರೆಗೆ ಬಂದು ಮತ್ತೆ ಕೇಳಿದರು. "ಆ ಕಾಗದ ನಿಮ್ಮ ಹತ್ರಾನೇ ಇದೆಯಾ?"

"ಇದೆ ಸರ್."

"ಅಕ್ಷರ ಚೆನ್ನಾಗಿ ಬಂದಿತ್ತು. ವಾಪಸ್ ಕೊಟ್ಬಿಡಿ, ಮಕ್ಕಳಿಗೆ ಕಾಪಿ ಬರೆಯೋಕೆ ತೋರಿಸ್ತೀನಿ." ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ನಾನು ಕಾರಿಡಾರಿಗೆ ಬಂದ ಮೇಲೆ ಒಬ್ಬಳೇ ನಕ್ಕೆ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೋಣೆಯಲ್ಲೇ ಸಭೆ ಕರೆದೆ. ಅಷ್ಟರಲ್ಲಿ ಒಬ್ಬೊಬ್ಬರನ್ನೂ ಕಂಡು ಮಾತಾಡಿದ್ದೆ. ಮೇಜಿನ ತಲೆಯಲ್ಲಿ ಕೂರದೆ ನನ್ನ ಹಳೆಯ ಜಾಗದಲ್ಲಿ, ಕಿಟಕಿಯ ಪಕ್ಕ ಕೂತೆ. ಮುಖಗಳು ಗಂಟಿಕ್ಕಿಕೊಂಡೇ ಇದ್ದವು.

"ಸೋಮವಾರದ ಆದೇಶ ಅವಸರದಲ್ಲಿ ಬರೆದಿದ್ದು. ತಪ್ಪು ನಂದು. ಕಿತ್ತು ಹಾಕಿದೀನಿ," ಅಂದೆ. "ಹೊಸ ಲೆಕ್ಕ ಹೀಗಿದೆ. ವಾರದಲ್ಲಿ ಎರಡು ಪೀರಿಯಡ್ ‘ಇದನ್ನ ಮುಟ್ಬೇಡಿ’ ಅಂತ ಪ್ರತಿಯೊಬ್ರೂ ಹೇಳ್ಬಹುದು. ಯಾಕೆ ಅಂತ ಕೇಳಲ್ಲ. ಉಳಿದ ಹೊತ್ತಿಗೆ ಬದಲಿ ಬಂದ್ರೆ ಸರದಿ. ಸರದಿಯಲ್ಲಿ ನಾನೂ ಇದೀನಿ."

ಇಂಗ್ಲಿಷ್ ಟೀಚರು ಪಕ್ಕದವರಿಗೆ ಕೇಳಿಸುವಷ್ಟು ಮೆಲ್ಲಗೆ, ನನಗೂ ಕೇಳಿಸುವಷ್ಟು ಜೋರಾಗಿ, "ಎಷ್ಟು ದಿನ ನಡೆಯುತ್ತೋ ನೋಡೋಣ" ಅಂದರು.

ಆಗ ಲೆಕ್ಕದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರ ಮಂಡಿಯ ವಿಷಯವನ್ನು ಯಾರಿಗೂ ಹೇಳಬಾರದೆಂದು ತಕ್ಕಡಿಗೆ ಹೇಳಿಟ್ಟಿದ್ದೆ. ಅವರಾಗಿಯೇ ಹೇಳುತ್ತಾರೆಂದು ಎಣಿಸಿರಲಿಲ್ಲ.

"ನನಗೆ ಎರಡೂ ಮಂಡಿ ನೋವು. ವರ್ಷದ ಮೇಲಾಯ್ತು. ಕೆಳಗಿನ ಮಹಡಿಯ ತರಗತಿ ಯಾವುದಾದ್ರೂ ಸರಿ, ಯಾವ ಪೀರಿಯಡ್ ಆದ್ರೂ ಸರಿ, ನನ್ನ ಹೆಸರು ಬರೀರಿ." ಮತ್ತೆ ಸೇರಿಸಿದರು. "ಕುರಿ ಕಾಯ್ತೀನಿ."

ಇಡೀ ಕೋಣೆ ಗೊಳ್ಳೆಂದಿತು. ಆ ನಗುವಿನ ನಡುವೆಯೇ ಕನ್ನಡ ಟೀಚರು, "ಸರ್, ನಮ್ಮಮ್ಮನಿಗೂ ಮಂಡಿ ನೋವಿದೆ, ಒಳ್ಳೇ ಡಾಕ್ಟ್ರು ಗೊತ್ತು" ಅಂದರು. ಅದಾದ ಮೇಲೆ ಬಾಯಿಗಳು ತೆರೆದವು. ಕನ್ನಡ ಟೀಚರಿಗೆ ಮಗುವನ್ನು ಬಿಟ್ಟು ಬರಬೇಕಾದ್ದರಿಂದ ಸೋಮವಾರದ ಮೊದಲ ಪೀರಿಯಡ್ ಕಷ್ಟ. ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಬಿಸಿಲಲ್ಲಿ ಎರಡು ಪೀರಿಯಡ್ ನಿಂತ ಮೇಲೆ ಮೂರನೆಯದರಲ್ಲಿ ಕೂತು ನೀರು ಕುಡಿಯಲು ಬಿಟ್ಟರೆ ಸಾಕು. ಯಾರೂ ಆಕಾಶ ಕೇಳಲಿಲ್ಲ. ತಕ್ಕಡಿ ಬಗ್ಗಿಸಿದ ತಲೆ ಎತ್ತದೆ ಬರೆದುಕೊಂಡಳು. ಕೊನೆಗೆ ಇಂಗ್ಲಿಷ್ ಟೀಚರೂ ಗುರುವಾರದ ಕೊನೆಯ ಪೀರಿಯಡ್ ಮುಟ್ಟಬೇಡಿ ಅಂದರು. ಯಾಕೆಂದು ನಾನು ಕೇಳಲಿಲ್ಲ. ಈವರೆಗೂ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನ ಕೋಣೆಗಳ ಅದಲುಬದಲು. ಹತ್ತನೇ ತರಗತಿಯವರು ತಮ್ಮ ಬೆಂಚುಗಳನ್ನು ಇಳಿಸಿದರು. ಚಿತ್ರದ ಹಲಗೆಗಳು, ಬಣ್ಣದ ಡಬ್ಬಿಗಳು, ಪ್ಲಾಸ್ಟರಿನ ಒಂದು ಮೂಗು ಮುರಿದ ತಲೆ ಮೇಲಕ್ಕೆ ಹೋದವು. ಲೆಕ್ಕದ ಮೇಷ್ಟ್ರು ಕೆಳಗಿನ ಮೆಟ್ಟಿಲ ಬಳಿ ನಿಂತು, "ನಿಧಾನ, ಎಡಕ್ಕೆ, ಇನ್ನೂ ಎಡಕ್ಕೆ, ಅದು ಬಲ ಕಣಮ್ಮ" ಎಂದು ಕೂಗುತ್ತಾ ಇಪ್ಪತ್ತೊಂದು ಬೆಂಚು ಎಣಿಸಿಕೊಂಡರು. ಅತ್ತೆಗೆ ಸಂಜೆ ಹೇಳಿದಾಗ, "ನಮ್ಮ ವಾರ್ಡಲ್ಲಿ ಹಾಸಿಗೆ ಬದಲಾಯಿಸ್ದೆ, ಜನಾನ ಬದಲಾಯಿಸ್ದೆ, ರೂಮ್ ಬದಲಾಯಿಸ್ಬಹುದು ಅಂತ ಹೊಳೀಲೇ ಇಲ್ಲ ನೋಡು" ಅಂದರು. ಅತ್ತೆಯ ಬಾಯಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆ ನಾನು ಕೇಳಿಲ್ಲ.

ಎಲ್ಲವೂ ಹೂವೆತ್ತಿದಷ್ಟು ಸುಲಭವಾಗಿ ನಡೆಯಿತು ಎಂದಲ್ಲ. ಮೊದಲ ತಿಂಗಳಲ್ಲಿ ಎರಡು ಸಲ ಪಟ್ಟಿ ತಪ್ಪಿತು. ಒಂದು ಸಲ ಒಂದೇ ತರಗತಿಗೆ ಇಬ್ಬರು ಟೀಚರು ಹೋಗಿ, ಮಕ್ಕಳ ಮುಂದೆ ‘ನೀವಿರಿ, ನೀವಿರಿ’ ಎಂದು ಉಪಚಾರ ಮಾಡಿಕೊಂಡರು. ಆದರೆ ರಜಾ ಹಾಕುವವರು ಹಿಂದಿನ ದಿನವೇ ತಕ್ಕಡಿಗೆ ಹೇಳಿ ಹೋಗುವುದು ಶುರುವಾಯಿತು. ಅದನ್ನು ಯಾವ ಆದೇಶದಲ್ಲೂ ನಾನು ಬರೆದಿರಲಿಲ್ಲ. ಎಂಟನೇ ತರಗತಿಯ ಮೂವತ್ತೆಂಟು ಗಾಜಿನ ಲೋಟಗಳು ನೆರಳು ಸಮೇತ ಕಾರಿಡಾರಿನ ಗೋಡೆಗೆ ಬಂದವು. ಒಂದೆರಡು ಲೋಟಗಳ ನೆರಳು ಬೆಳಕಿರುವ ಕಡೆಗೇ ಬಿದ್ದಿತ್ತು. ಮೇಷ್ಟ್ರು ಅವನ್ನೂ ಅಂಟಿಸಿದ್ದರು.

ಹೋದ ಬುಧವಾರ ದೈಹಿಕ ಶಿಕ್ಷಣದ ಮೇಷ್ಟ್ರು ರಜಾ. ಆರನೇ ತರಗತಿಯ ಆಟದ ಪೀರಿಯಡ್ ನನ್ನ ಸರದಿಗೆ ಬಂತು. ಮೈದಾನಕ್ಕೆ ಹೋದೆ. ಮಕ್ಕಳು ಸುಣ್ಣದಲ್ಲಿ ಗೆರೆ ಎಳೆದು, ನನ್ನ ಕೊರಳಿಗೆ ಸೀಟಿ ಹಾಕಿ, ಓಟದ ಪಂದ್ಯಕ್ಕೆ ನನ್ನನ್ನೇ ತೀರ್ಪುಗಾರ್ತಿ ಮಾಡಿದರು. ಇಬ್ಬರು ಹುಡುಗಿಯರು ಒಟ್ಟಿಗೇ ಗೆರೆ ಮುಟ್ಟಿ, ಗೆದ್ದದ್ದು ನಾನು ನಾನು ಎಂದು ಕಿತ್ತಾಡುತ್ತಿದ್ದಾಗ ಅಟೆಂಡರ್ ಓಡೋಡಿ ಬಂದ.

"ಮೇಡಂ, ಇಲಾಖೆಯಿಂದ ಸಾಹೇಬ್ರು ಬಂದಿದಾರೆ. ಹೆಡ್ ಮೇಡಂ ಎಲ್ಲಿ ಅಂತ ಕೇಳ್ತಿದಾರೆ."

"ನೀನೇನಂದೆ?"

"ಪಾಠ ಮಾಡ್ತಿದಾರೆ ಅಂದೆ. ಕಿಟಕೀಲಿ ನೋಡಿದ್ರು."

ತಿರುಗಿ ನೋಡಿದೆ. ನನ್ನ ಕೋಣೆಯ ಕಿಟಕಿಯಲ್ಲಿ ಒಬ್ಬರು ಕನ್ನಡಕದವರು ನಿಂತಿದ್ದರು. ಅವರ ಪಕ್ಕದಲ್ಲಿ ತಕ್ಕಡಿ ಕೈ ಬೀಸಿ ಬೀಸಿ ಏನನ್ನೋ ವಿವರಿಸುತ್ತಿದ್ದಳು.

"ಟೀ ಕೊಟ್ಟು ಕೂರಿಸು. ಹತ್ತು ನಿಮಿಷ, ಬಂದೆ," ಅಂದೆ.

ಹುಡುಗಿಯರನ್ನು ಮತ್ತೆ ಗೆರೆಯ ಹಿಂದೆ ನಿಲ್ಲಿಸಿ, ಇನ್ನೊಮ್ಮೆ ಸೀಟಿ ಊದಿದೆ.